ಯಾರ ಪಕ್ಕ ಯಾರು ನಿಲ್ಲಬೇಕು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಈ ಸಭಾಂಗಣದಲ್ಲಿ ಇವತ್ತು ಬ್ಯಾಂಕಿನವರಿದ್ದಾರೆ, ನರ್ಸ್‌ಗಳಿದ್ದಾರೆ, ನಿವೃತ್ತ ಮೇಷ್ಟ್ರುಗಳಿದ್ದಾರೆ. ಸಂಗೀತದಿಂದಲೇ ಅನ್ನ ಉಣ್ಣುವ ಕೆಲವರೂ ಇದ್ದಾರೆ. ನಾಳೆ ಸಂಜೆ ಎಲ್ಲರೂ ಒಟ್ಟಿಗೆ ಹಾಡಬೇಕು. ಅಭ್ಯಾಸಕ್ಕೆ ಮೊದಲು ನಾನು ಹೇಳಬೇಕಾದದ್ದು ಒಂದೇ: ಯಾರ ಪಕ್ಕ ಯಾರು ನಿಲ್ಲಬೇಕು ಅನ್ನುವುದು.

ನನಗೆ ಹತ್ತೊಂಬತ್ತು ವರ್ಷವಾಗಿದ್ದಾಗ ಒಂದು ಗಾಯನ ತಂಡದಲ್ಲಿ, "ನೀನು ಬಾಯಿ ಆಡಿಸಿದರೆ ಸಾಕು, ಧ್ವನಿ ಬೇಡ" ಅಂದಿದ್ದರು. ಶ್ರುತಿ ತಪ್ಪುತ್ತಿದ್ದದ್ದು ನಿಜ. ಆಮೇಲೆ ಬಹಳ ಕಾಲ ಮನೆಯ ಹೊರಗೆ ನಾನು ಹಾಡಲೇ ಇಲ್ಲ. ಮತ್ತೆ ಬಾಯಿ ಬಿಟ್ಟದ್ದು ಉಡುಪಿ ಕಡೆಯ ಒಂದು ಭಜನೆಯಲ್ಲಿ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನನ್ನು ತಿದ್ದಲಿಲ್ಲ. ನನ್ನ ಕಿವಿಗೆ ಬೀಳುವಷ್ಟು ಹತ್ತಿರ ಕುಳಿತು ಹಾಡಿದರು, ಅಷ್ಟೆ. ಮೂರನೆಯ ಹಾಡಿನ ಹೊತ್ತಿಗೆ ಷಡ್ಜ, ಅಂದರೆ 'ಸ', ತಾನಾಗಿ ಬಂದು ಕೂತಿತು.

ಆದ್ದರಿಂದ ವೃತ್ತಿಪರರಲ್ಲಿ ನನ್ನ ಕೋರಿಕೆ: ದಯವಿಟ್ಟು ಮುಂದಿನ ಸಾಲಿನಲ್ಲಿ ಗುಂಪಾಗಿ ನಿಲ್ಲಬೇಡಿ. ನೀವು ಅಲ್ಲಿ ನಿಂತರೆ ಹಿಂದಿನವರು ನಿಮ್ಮ ನೆರಳಲ್ಲಿ ಗುನುಗುತ್ತಾರೆ. ಐದಾರು ಜನರ ನಡುವೆ ಒಬ್ಬೊಬ್ಬರಾಗಿ ಹಂಚಿಹೋಗಿ. ಧ್ವನಿಯನ್ನು ಅರ್ಧಕ್ಕೆ ಇಳಿಸಿ. ನಿಮ್ಮ ಧ್ವನಿ ಸಭೆಗೆ ಬೇರೆಯಾಗಿ ಕೇಳಬಾರದು, ಪಕ್ಕದವರಿಗೆ ಕೇಳಬೇಕು.

ಇನ್ನು ಉಸಿರು. ನಮ್ಮ ದೇವಸ್ಥಾನಗಳ ಏಕಾಹ ಭಜನೆ ನೋಡಿದವರಿಗೆ ಇದು ಹೊಸತಲ್ಲ. ಹಗಲಿರುಳು ಹಾಡು ನಿಲ್ಲಬಾರದು. ಒಂದು ತಂಡ ಏಳುವ ಮೊದಲೇ ಇನ್ನೊಂದು ತಂಡ ತಾಳ ಕೈಗೆತ್ತಿಕೊಂಡಿರುತ್ತದೆ. ದೀಪದ ಸುತ್ತ ಜನ ಬದಲಾಗುತ್ತಾರೆ, ನಾದ ಹರಿಯುತ್ತಲೇ ಇರುತ್ತದೆ. ವೃಂದಗಾಯನದಲ್ಲಿ ಇದೇ ಕೆಲಸ ಒಂದೊಂದು ಸಾಲಿನಲ್ಲೂ ನಡೆಯಬೇಕು. ಪಕ್ಕದವರು ಉಸಿರೆಳೆಯುವಾಗ ನೀವು ಎಳೆಯಬೇಡಿ. ಪದ ಮುಗಿದ ಜಾಗದಲ್ಲಿ ಎಲ್ಲರಿಗೂ ಆಸೆಯಾಗುತ್ತದೆ, ಅಲ್ಲಿ ತಡೆದುಕೊಳ್ಳಿ. ದೀರ್ಘ ಸ್ವರದ ನಡುವೆ ಮೆಲ್ಲನೆ ಹೊರಗೆ ಬನ್ನಿ, ಉಸಿರು ತುಂಬಿಕೊಳ್ಳಿ, ಇನ್ನೂ ಮೆಲ್ಲನೆ ಒಳಗೆ ಸೇರಿಕೊಳ್ಳಿ. ಸೇರುವಾಗ ಜೋರಾದರೆ ಗುಟ್ಟು ಬಯಲಾಗುತ್ತದೆ. ಒಬ್ಬನೇ ಗಾಯಕ, ಎಷ್ಟೇ ದೊಡ್ಡವನಾಗಲಿ, ಅಷ್ಟು ಉದ್ದದ ಸಾಲನ್ನು ಹಾಡಲಾರ. ನಾವೆಲ್ಲ ಸೇರಿದರೆ ಹಾಡಬಹುದು. ನನಗೆ ಈ ಮಾತು ಈಗಲೂ ರೋಮಾಂಚನ ತರುತ್ತದೆ.

ನೊಟೇಶನ್ ಬಾರದು ಎಂದು ಹೆದರಿದವರಿಗೆ ಒಂದು ಸಂಗತಿ. ಇಂಗ್ಲೆಂಡಿನಲ್ಲಿ 1840ರ ದಶಕದಿಂದ ಜಾನ್ ಕರ್ವೆನ್ ಎಂಬ ಪಾದ್ರಿ, ಸಾರಾ ಗ್ಲೋವರ್ ಎಂಬ ಶಿಕ್ಷಕಿಯ ಪದ್ಧತಿಯನ್ನು ಬೆಳೆಸಿ, ಐದು ಗೆರೆಗಳ ಬರಹ ಓದಲು ಬಾರದ ಸಾಮಾನ್ಯರಿಗೂ ಕೋರಸ್ ಹಾಡಲು ಕಲಿಸಿದರು. ಅದರಲ್ಲಿ ಮೊದಲ ಸ್ವರವಾದ 'ಡೊ' ಒಂದೇ ಸ್ಥಾನಕ್ಕೆ ಅಂಟಿಕೊಂಡಿರುವುದಿಲ್ಲ, ಹಾಡಿನ ಶ್ರುತಿಯ ಜೊತೆ ಸರಿಯುತ್ತದೆ. ನಮ್ಮ 'ಸ' ಸರಿಯುವುದೂ ಹಾಗೆಯೇ ಅಲ್ಲವೇ? ಸಂಗೀತದ ಮೊದಲ ಪಾಠವಾದ ಸರಳೆ ವರಸೆ ಹಾಡಿದವರಿಗೆ ದಾರಿಯ ಅರ್ಧ ಆಗಲೇ ಗೊತ್ತಿದೆ.

ಕಷ್ಟ ಇರುವುದು ಮಾತಿನಲ್ಲಿ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಜರ್ಮನ್ ಧಾಟಿಗಳಿಗೆ ಕನ್ನಡ ಪದಗಳನ್ನು ಕೂಡಿಸಿದರು. ಅಂಥ ಧಾಟಿ ಎಳೆದಲ್ಲಿ ಕನ್ನಡದ ಹ್ರಸ್ವವೂ ಎಳೆದುಹೋಗುವ ಭಯ ಇದ್ದೇ ಇದೆ. 'ಮನ' ಹಾಡಲು ಹೋಗಿ 'ಮಾನ' ಆದರೆ ಅರ್ಥವೇ ಬೇರೆ. ಒತ್ತಕ್ಷರವೂ ಹಾಗೆ: 'ಹಳ್ಳಿ' ಅನ್ನುವಾಗ ನಾಲಿಗೆ ಎಲ್ಲರದ್ದೂ ಒಂದೇ ಕ್ಷಣಕ್ಕೆ ಮಡಚಬೇಕು. ಇಲ್ಲದಿದ್ದರೆ ಮಳೆ ಹನಿ ಹೆಂಚಿನ ಮೇಲೆ ಬಿದ್ದಂತೆ ಟಪಟಪ ಕೇಳುತ್ತದೆ. ಇಲ್ಲಿ ವೃತ್ತಿಪರರು ನಿಮ್ಮಿಂದ ಕಲಿಯಲಿಕ್ಕಿದೆ. ಮನೆಮಾತಿನ ತೂಕ ಗೊತ್ತಿರುವವರು ನೀವು. ಉಚ್ಚಾರ ಸಹಜವಲ್ಲ ಅನಿಸಿದರೆ ಕೈ ಎತ್ತಿ ಹೇಳಿ.

ಆಲ್ಟೊದವರು, ಅಂದರೆ ತಗ್ಗು ಧ್ವನಿಯ ಹೆಂಗಸರು, ಎಡಗಡೆಯ ಕಿಟಕಿಯ ಹತ್ತಿರ. ಬಾಸ್‌ನವರು, ಅಂದರೆ ತಗ್ಗು ಧ್ವನಿಯ ಗಂಡಸರು, ಅವರ ಹಿಂದೆ. ಪಕ್ಕದವರ ಹೆಸರು ಕೇಳಿಕೊಳ್ಳಿ, ಆಮೇಲೆ ಶ್ರುತಿ ಹಿಡಿಯೋಣ.