ಫೈಲ್ ಇಡಬಲ್ಲವನೇ ಯಜಮಾನ

ಎಲ್ಲರಿಗೂ ನಮಸ್ಕಾರ.

ಮಲೆನಾಡಿನಲ್ಲಿ ಹೋಂಸ್ಟೇ ನಡೆಸುವ ಪರಿಚಿತರೊಬ್ಬರು ಒಂದು ಮಳೆಗಾಲದಲ್ಲಿ ನನಗೆ ಫೋನ್ ಮಾಡಿದರು. "ನಮ್ಮ ವೆಬ್‌ಸೈಟಿಗೆ ಏನೋ ಆಗಿದೆ. ರೂಮ್ ಬುಕ್ ಮಾಡಲು ಬಂದವರು ಮಾತ್ರೆ ಮಾರುವ ಅಂಗಡಿಗೆ ಹೋಗುತ್ತಿದ್ದಾರಂತೆ. ನಾನು ತೆರೆದರೆ ಎಲ್ಲ ಸರಿಯಾಗಿಯೇ ಇದೆ" ಎಂದರು. ಅವರು ಹೇಳಿದ್ದೂ ನಿಜ, ಗಿರಾಕಿಗಳು ದೂರಿದ್ದೂ ನಿಜ. ವಿಳಾಸವನ್ನು ನೇರವಾಗಿ ಟೈಪ್ ಮಾಡಿದವರಿಗೆ ಕಾಫಿ ತೋಟ, ಹೆಂಚಿನ ಮನೆ, ಅಕ್ಕಿರೊಟ್ಟಿಯ ಚಿತ್ರ ಕಾಣುತ್ತಿತ್ತು. ಗೂಗಲ್‌ನಲ್ಲಿ ಹುಡುಕಿ ಬಂದವರು ಮಾತ್ರೆಯಂಗಡಿಗೆ ಹೋಗುತ್ತಿದ್ದರು. ಯಜಮಾನ ತನ್ನ ಸೈಟಿಗೆ ಹುಡುಕಿಕೊಂಡು ಬರುವುದಿಲ್ಲ, ಗಿರಾಕಿ ಮಾತ್ರ ಹಾಗೆ ಬರುತ್ತಾನೆ ಎಂಬ ಲೆಕ್ಕ ಕಳ್ಳನಿಗಿತ್ತು.

ಮುಂದಿನ ಮಾತಿನಲ್ಲೇ ಅವರು ತಮ್ಮ ಪಾಸ್‌ವರ್ಡಿನ ಪರ ವಕಾಲತ್ತು ಹಿಡಿದರು. ಹದಿನೆಂಟು ಅಕ್ಷರ, ಯಾರಿಗೂ ಹೇಳಿಲ್ಲ, ಎಲ್ಲಿಯೂ ಬರೆದಿಟ್ಟಿಲ್ಲ. ಅದೂ ನಿಜವೇ ಆಗಿತ್ತು. ಕಳ್ಳ ಆ ಪಾಸ್‌ವರ್ಡಿನ ತಂಟೆಗೇ ಹೋಗಿರಲಿಲ್ಲ.

ಸೈಟಿನ ಫೈಲುಗಳೆಲ್ಲ ಇರುವ ಕಂಪ್ಯೂಟರ್, ಅಂದರೆ ಸರ್ವರಿನ ಒಳಗೆ ಹೋಗಿ, ಚಿತ್ರಗಳು ಕೂಡುವ ಅಪ್‌ಲೋಡ್ಸ್ ಫೋಲ್ಡರನ್ನು ತೆರೆದೆ. 2018ರ ಜೂನ್ ತಿಂಗಳದ್ದರಲ್ಲಿ ಸುಮಾರು ನಲವತ್ತು ಫೈಲುಗಳು. ಎಲ್ಲವುಗಳ ಹೆಸರೂ ಜೆಪಿಜಿ ಎಂದು ಮುಗಿಯುತ್ತಿತ್ತು, ಒಂದು ಮಾತ್ರ ಪಿಎಚ್‌ಪಿ ಎಂದು. ಪಿಎಚ್‌ಪಿ ಎಂದರೆ ಸರ್ವರಿಗೆ ಆಜ್ಞೆ ಬರೆಯುವ ಒಂದು ಭಾಷೆ. ಅದನ್ನು ತೆರೆದರೆ ಇದ್ದದ್ದು ಒಂದೇ ಸಾಲು. ಪರದೆಯ ಬಲಕ್ಕೆ ಓಡುತ್ತಲೇ ಇದ್ದ ಆ ಸಾಲು ಅಕ್ಷರ ಅಂಕಿಗಳ ಕಲಸುಮೇಲೋಗರ. ಬಿಡಿಸಿ ಓದಿದಾಗ ಅರ್ಥ ಇಷ್ಟೇ: ಹೊರಗಿನಿಂದ ಬಂದದ್ದು ಏನೇ ಇರಲಿ, ಅದನ್ನು ಆಜ್ಞೆಯೆಂದು ತಿಳಿದು ನಡೆಸು.

ಚಿತ್ರಗಳ ನಡುವೆ ಒಂದು ಪಿಎಚ್‌ಪಿ ಫೈಲ್ ಇದ್ದರೆ ಏನು ಮಹಾ ಎಂದು ಕೇಳಬಹುದು. ಚಿತ್ರ ಬೇಕೆಂದು ಯಾರಾದರೂ ಕೇಳಿದರೆ ಸರ್ವರ್ ಅದನ್ನು ಹಾಗೆಯೇ ಎತ್ತಿ ಕೊಡುತ್ತದೆ, ಅಂಚೆಯಣ್ಣ ಲಕೋಟೆ ಕೊಟ್ಟ ಹಾಗೆ. ಪಿಎಚ್‌ಪಿ ಫೈಲನ್ನು ಕೇಳಿದರೆ ಕೊಡುವುದಿಲ್ಲ. ಒಳಗೆ ಬರೆದಿರುವುದನ್ನು ತಾನೇ ಓದಿ, ಅದರಂತೆ ಮಾಡಿ, ಬಂದ ಫಲವನ್ನಷ್ಟೇ ಕಳಿಸುತ್ತದೆ. ಮದುವೆ ಮನೆಯ ಅಡುಗೆಯವರ ಕೈಗೆ ಒಂದು ಚೀಟಿ ಹೋದರೆ ಅದರಲ್ಲಿ ಬರೆದದ್ದು ಬೇಯುತ್ತದೆ. ಚೀಟಿ ಬರೆದವರು ಹೆಣ್ಣಿನ ಕಡೆಯವರೋ, ಗಂಡಿನ ಕಡೆಯವರೋ, ದಾರಿಯಲ್ಲಿ ಹೋಗುತ್ತಿದ್ದವರೋ ಎಂದು ಆ ಗದ್ದಲದಲ್ಲಿ ಯಾರು ವಿಚಾರಿಸುತ್ತಾರೆ?

ಹಾಗಾಗಿ ನಿಮ್ಮ ಸೈಟಿನೊಳಗೆ ಫೈಲ್ ಇಡಬಲ್ಲವನು ಯಾರೋ ಅವನೇ ಅದರ ಯಜಮಾನ. ಪಾಸ್‌ವರ್ಡ್ ಎಂಬುದು ಫೈಲ್ ಇಡುವುದಕ್ಕೆ ಸಿಗುವ ಪರವಾನಗಿಗಳಲ್ಲಿ ಒಂದು, ಅಷ್ಟೇ. ಬೇರೆ ದಾರಿಗಳಿವೆ. ಊರಲ್ಲಿ ನಾವು ಮುಂಬಾಗಿಲಿಗೆ ಹಿತ್ತಾಳೆ ಬೀಗ ಜಡಿದು, ಹಿತ್ತಿಲ ಬಾಗಿಲಿಗೆ ಒಂದು ಕೋಲು ಒರಗಿಸಿಟ್ಟು ಜಾತ್ರೆಗೆ ಹೋಗುತ್ತೇವಲ್ಲ, ವೆಬ್‌ಸೈಟಿನಲ್ಲಿಯೂ ನಮ್ಮ ಸಂಸಾರ ಹಾಗೆಯೇ ನಡೆದಿದೆ.

ಈ ಹೋಂಸ್ಟೇ ಸೈಟಿನಲ್ಲಿ ಹಿತ್ತಿಲ ಬಾಗಿಲಾಗಿದ್ದದ್ದು ಒಂದು ಪ್ಲಗಿನ್, ಅಂದರೆ ಸೈಟಿಗೆ ಹೊಸ ಸೌಲಭ್ಯ ಸೇರಿಸುವ ಪುಟ್ಟ ತಂತ್ರಾಂಶ. ಸೈಟ್ ಮಾಡಿಕೊಟ್ಟ ಹುಡುಗ ಫೋಟೊ ಏರಿಸಲು ಸುಲಭವಾಗಲೆಂದು ಹಾಕಿದ್ದ. ಆಮೇಲೆ ಅದನ್ನು ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಇದೇ ಜಾತಿಯ ಪ್ಲಗಿನ್ನುಗಳಲ್ಲಿ ಜಗತ್ತಿಗೆಲ್ಲ ಗೊತ್ತಾದ ಪ್ರಕರಣ 2020ರ ಸೆಪ್ಟೆಂಬರಿನದು. ವರ್ಡ್‌ಪ್ರೆಸ್ ಎಂಬುದು ಸೈಟ್ ಕಟ್ಟುವ ತಂತ್ರಾಂಶ. ಡಬ್ಲ್ಯುಪಿ ಫೈಲ್ ಮ್ಯಾನೇಜರ್ ಎಂಬ ಅದರ ಪ್ಲಗಿನ್ ಆಗ ಸುಮಾರು ಏಳು ಲಕ್ಷ ಸೈಟುಗಳಲ್ಲಿತ್ತು. ಅದರೊಳಗೆ ಮಾದರಿಗೆಂದು ಇಡುವ ಒಂದು ಫೈಲಿನ ಹೆಸರಿನ ಬಾಲ ಬದಲಾಗಿ, ನಿಜವಾಗಿ ಓಡುವ ಪಿಎಚ್‌ಪಿ ಆಗಿಬಿಟ್ಟಿತ್ತು. ಲಾಗಿನ್ ಆಗದೆಯೇ ಯಾರು ಬೇಕಾದರೂ ಅದರ ಮೂಲಕ ತಮ್ಮ ಫೈಲನ್ನು ಒಳಗೆ ತಳ್ಳಬಹುದಾಗಿತ್ತು. ಆಗ ಒಳನುಗ್ಗಿದ ಕೆಲವು ಕಳ್ಳರು ಬೇರೆ ಕಳ್ಳರು ಬರದಿರಲೆಂದು ಆ ಫೈಲಿಗೆ ತಾವೇ ಪಾಸ್‌ವರ್ಡ್ ಹಾಕಿದರು. ಯಜಮಾನರಿಗಿಂತ ಅವರಿಗೇ ಮನೆಯ ಮೇಲೆ ಹೆಚ್ಚು ಕಾಳಜಿ ಇದ್ದಂತಿತ್ತು.

ಹಾಗಾದರೆ ಮಾಡಬೇಕಾದದ್ದು ಏನು? ಅಪ್‌ಲೋಡ್ಸ್ ಫೋಲ್ಡರಿನಲ್ಲಿ ಪಿಎಚ್‌ಪಿ ಓಡದಂತೆ ಮಾಡಿಸಿ. ಸರ್ವರಿನಲ್ಲಿ ನಿಮಗೆ ಜಾಗ ಕೊಟ್ಟಿರುವ ಹೋಸ್ಟಿಂಗ್ ಕಂಪನಿಗೆ ಇದನ್ನು ಒಂದು ವಾಕ್ಯದಲ್ಲಿ ಬರೆದು ಕೇಳಬಹುದು, ಕೆಲಸ ಐದು ನಿಮಿಷದ್ದು. ಆಗ ಕಳ್ಳ ಅಲ್ಲಿ ಚೀಟಿ ಹಾಕಿದರೂ ಅಡುಗೆಯವರು ಅದನ್ನು ಓದುವುದಿಲ್ಲ. ಬಳಸದ ಪ್ಲಗಿನ್ನುಗಳನ್ನು ಆಫ್ ಮಾಡಿ ಬಿಟ್ಟರೆ ಸಾಲದು, ಅಳಿಸಿ. ಆಫ್ ಆಗಿರುವ ಪ್ಲಗಿನ್ನಿನ ಫೈಲೂ ಸರ್ವರಿನಲ್ಲೇ ಕೂತಿರುತ್ತದೆ.

ಇನ್ನು 777. ಈ ಸಂಖ್ಯೆಯನ್ನು ನೀವು ಕಂಡಿರುತ್ತೀರಿ. ಫೋಟೊ ಏರುತ್ತಿಲ್ಲ ಎಂದು ಯಾರನ್ನಾದರೂ ಕೇಳಿದರೆ "ಫೋಲ್ಡರಿಗೆ 777 ಕೊಡಿ" ಎನ್ನುತ್ತಾರೆ. ಕೊಟ್ಟ ಕೂಡಲೇ ಫೋಟೊ ಏರುತ್ತದೆ, ಹೇಳಿದವರು ಜಾಣರೆನಿಸುತ್ತಾರೆ. ಅದರ ಲೆಕ್ಕ ಹೀಗಿದೆ: ಓದುವುದಕ್ಕೆ 4, ಬರೆಯುವುದಕ್ಕೆ 2, ಓಡಿಸುವುದಕ್ಕೆ 1. ಮೂರೂ ಸೇರಿದರೆ 7. ಮೊದಲ ಅಂಕಿ ಯಜಮಾನನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಆ ಸರ್ವರಿನಲ್ಲಿರುವ ಬಾಕಿ ಎಲ್ಲರಿಗೆ. 777 ಎಂದರೆ ಬಾಕಿ ಎಲ್ಲರೂ ಬಂದು ಬರೆಯಬಹುದು ಎಂದು ಡಂಗುರ ಸಾರಿದಂತೆ. ಸಾಮಾನ್ಯವಾಗಿ ಫೋಲ್ಡರಿಗೆ 755, ಫೈಲಿಗೆ 644 ಸಾಕು. ಅಷ್ಟರಲ್ಲಿ ಫೋಟೊ ಏರದಿದ್ದರೆ ಹೆಚ್ಚಾಗಿ ಯಜಮಾನನ ಹೆಸರು ತಪ್ಪಾಗಿ ದಾಖಲಾಗಿರುತ್ತದೆ. ಅದನ್ನು ಸರಿಪಡಿಸಬೇಕು, ಬಾಗಿಲು ಕಿತ್ತುಹಾಕಬಾರದು.

ನಿಮ್ಮ ಸೈಟಿನಲ್ಲಿ ಓದುಗರೇ ಕಥೆ, ಫೋಟೊ, ಅರ್ಜಿಗಳನ್ನು ಏರಿಸುವ ವ್ಯವಸ್ಥೆ ಇದ್ದರೆ ಇನ್ನೂ ಎಚ್ಚರ ಬೇಕು. ಹೆಸರಿನ ಬಾಲ ನೋಡಿ ಒಳಗೆ ಬಿಡುವುದು ಸಾಲದು. ಜಿಐಎಫ್ ಚಿತ್ರದ ಫೈಲುಗಳೆಲ್ಲ ಗೊತ್ತಾದ ಆರು ಅಕ್ಷರಗಳಿಂದ ಶುರುವಾಗುತ್ತವೆ. ಆ ಆರನ್ನು ತಲೆಯ ಮೇಲೆ ಅಂಟಿಸಿ, ಕೆಳಗೆ ಪಿಎಚ್‌ಪಿ ಬರೆದು ಕಳಿಸುವುದು ಹಳೆಯ ಆಟ. ಬಂದ ಫೈಲಿನ ಹೆಸರನ್ನು ನಿಮ್ಮ ಪ್ರೋಗ್ರಾಂ ತಾನೇ ಹೊಸದಾಗಿ ಇಡಲಿ, ಚಿತ್ರವನ್ನು ಮತ್ತೊಮ್ಮೆ ಚಿತ್ರವಾಗಿಯೇ ಉಳಿಸಿಕೊಳ್ಳಲಿ, ಸಾಧ್ಯವಾದರೆ ಸಾರ್ವಜನಿಕರಿಗೆ ಕಾಣುವ ಫೋಲ್ಡರಿನ ಹೊರಗೆ ಇಡಲಿ. ಇವನ್ನು ನೀವೇ ಮಾಡಬೇಕಿಲ್ಲ. ಮಾಡುವವರಿಗೆ ಇವನ್ನು ಕೇಳಲು ನಿಮಗೆ ಗೊತ್ತಿದ್ದರೆ ಸಾಕು.

ನಾವೇ ಫೈಲ್ ಏರಿಸುವ ದಾರಿಗೆ ಬರುತ್ತೇನೆ. ಇವತ್ತಿಗೂ ಅನೇಕರು ಎಫ್‌ಟಿಪಿ ಬಳಸುತ್ತಾರೆ. 1971ರಲ್ಲಿ ಅದರ ಮೊದಲ ರೂಪವನ್ನು ಬರೆದವರು ಅಭಯ್ ಭೂಷಣ್, ಕಾನ್ಪುರದ ಐಐಟಿಯಲ್ಲಿ ಓದಿ ಅಮೆರಿಕದ ಎಂಐಟಿಗೆ ಹೋದವರು. ಆಗ ಜಾಲದಲ್ಲಿದ್ದದ್ದು ಕೆಲವೇ ಕಂಪ್ಯೂಟರುಗಳು, ಪರಸ್ಪರ ಗುರುತಿದ್ದವರು. ಮುಚ್ಚುಮರೆ ಬೇಕಿರಲಿಲ್ಲ. ಹಾಗಾಗಿ ಎಫ್‌ಟಿಪಿಯಲ್ಲಿ ನಿಮ್ಮ ಹೆಸರು, ಪಾಸ್‌ವರ್ಡ್ ಎರಡೂ ಪೋಸ್ಟ್ ಕಾರ್ಡಿನಲ್ಲಿ ಬರೆದಂತೆ ಬಯಲಾಗಿ ಹೋಗುತ್ತವೆ. ದಾರಿಯಲ್ಲಿ ಕೂತವರು ಓದಬಹುದು. 1995ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಯಾರೋ ಹಾಗೆಯೇ ಕೂತು ಪಾಸ್‌ವರ್ಡುಗಳನ್ನು ಓದಿದರು. ಅಲ್ಲಿದ್ದ ತಾತು ಯ್ಲೋನೆನ್ ಅದಕ್ಕೆ ಉತ್ತರವಾಗಿ, ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸುವ ಎಸ್‌ಎಸ್‌ಎಚ್ ಬರೆದರು. ಎಫ್‌ಟಿಪಿಯ ಬಾಗಿಲು (ಪೋರ್ಟ್) ಸಂಖ್ಯೆ 21, ದೂರದ ಕಂಪ್ಯೂಟರಿಗೆ ಲಾಗಿನ್ ಆಗುವ ಹಳೆಯ ದಾರಿಯಾದ ಟೆಲ್ನೆಟ್‌ನದು 23. ನಡುವಿನ 22 ಖಾಲಿಯಿತ್ತು. ಅದನ್ನು ಅವರು ಕೇಳಿದರು, ಸಂಖ್ಯೆ ಹಂಚುವವರು ಕೊಟ್ಟರು. ಇವತ್ತು ಎಸ್‌ಎಸ್‌ಎಚ್ ಮೂಲಕ ಫೈಲ್ ಕಳಿಸುವ ಎಸ್‌ಎಫ್‌ಟಿಪಿ ನಡೆಯುವುದು ಆ ಬಾಗಿಲಿನಲ್ಲಿಯೇ. ಫೈಲ್ ಏರಿಸಲು ಬಳಸುವ ಫೈಲ್‌ಜಿಲ್ಲಾದಂಥ ತಂತ್ರಾಂಶದಲ್ಲಿ ನೀವು ಬದಲಿಸಬೇಕಾದದ್ದು ಒಂದು ಆಯ್ಕೆ ಮತ್ತು ಆ ಸಂಖ್ಯೆ. ಕ್ರೋಮ್, ಫೈರ್‌ಫಾಕ್ಸ್ ಎರಡೂ 2021ರಲ್ಲಿ ಎಫ್‌ಟಿಪಿಯನ್ನು ಕೈಬಿಟ್ಟವು. ನಾವಿನ್ನೂ ಬಿಟ್ಟಿಲ್ಲ.

ದಾರಿ ಭದ್ರವಾದರೂ ಹೊರಡುವ ಮನೆ ಭದ್ರವಾಗಿರಬೇಕು. 2009ರಲ್ಲಿ ಗಂಬ್ಲರ್ ಎಂಬ ಪೀಡೆ ಹಬ್ಬಿತು. ಅದು ಸೈಟಿನವರ ಸ್ವಂತ ಕಂಪ್ಯೂಟರಿಗೆ ಹೊಕ್ಕು, ಎಫ್‌ಟಿಪಿ ಪಾಸ್‌ವರ್ಡುಗಳನ್ನು ಹೆಕ್ಕಿ, ಅವರದೇ ಹೆಸರಿನಲ್ಲಿ ಅವರ ಸೈಟಿಗೆ ಕೊಳಕು ಸೇರಿಸುತ್ತಿತ್ತು. ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ ಕೂತು "ಪಾಸ್‌ವರ್ಡ್ ನೆನಪಿಡು" ಎಂಬುದಕ್ಕೆ ಹೂಂ ಎನ್ನುವವರು ಇದನ್ನು ಯೋಚಿಸಬೇಕು.

ಇಲ್ಲಿ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ವರ್ಡ್‌ಪ್ರೆಸ್‌ನಲ್ಲಿ ಸೈಟಿನ ಮಾಹಿತಿಯೆಲ್ಲ ಕೂಡುವ ಡೇಟಾಬೇಸಿನ ಪಾಸ್‌ವರ್ಡ್ ಇರುವುದು ಕಾನ್ಫಿಗ್ ಎಂಬ ಪಿಎಚ್‌ಪಿ ಫೈಲಿನಲ್ಲಿ. ಒಮ್ಮೆ ಅದನ್ನು ತಿದ್ದುವ ಮುನ್ನ ಜಾಣತನ ತೋರಿಸಿ ಅಲ್ಲೇ ಒಂದು ಪ್ರತಿ ಮಾಡಿದೆ, ಹೆಸರಿನ ಕೊನೆಗೆ "ಓಲ್ಡ್" ಎಂದು ಸೇರಿಸಿದೆ, ಮರೆತೆ. ಬಾಲ ಬದಲಾದ ಕ್ಷಣದಿಂದ ಸರ್ವರಿಗೆ ಅದು ಪಿಎಚ್‌ಪಿ ಅಲ್ಲ, ಬರಿಯ ಪಠ್ಯ. ವಿಳಾಸ ಊಹಿಸಿದವರಿಗೆಲ್ಲ ಪಾಸ್‌ವರ್ಡ್ ಸಮೇತ ಎತ್ತಿ ಕೊಡುತ್ತದೆ. ನಾಲ್ಕು ತಿಂಗಳು ಅದು ಹಾಗೆ ಇತ್ತು. ಯಾರು ಏನು ಕೇಳಿದರೆಂದು ಸರ್ವರ್ ಬರೆದಿಡುವ ಲಾಗ್ ನೋಡಿದರೆ ಅದೇ ಹೆಸರನ್ನು ಕೇಳಿಕೊಂಡು ಬಂದ ಯಂತ್ರಗಳು ಹಲವಿದ್ದವು. ಸೈಟಿನ ಮೂಲ ಫೋಲ್ಡರಿನಲ್ಲಿ "ಬ್ಯಾಕಪ್" ಎಂಬ ಜಿಪ್ ಫೈಲ್ ಇಟ್ಟವರು ಇಲ್ಲಿದ್ದರೆ, ಉಪನ್ಯಾಸ ಮುಗಿಯುವವರೆಗೆ ಕಾಯಬೇಡಿ, ಈಗಲೇ ಮೊಬೈಲಿನಲ್ಲಿ ಅಳಿಸಿ. ನಾನು ಬೇಸರಪಡುವುದಿಲ್ಲ.

ಪಾಸ್‌ವರ್ಡಿನ ಬಗ್ಗೆ ನಿಮಗೆ ಗೊತ್ತಿಲ್ಲದ್ದು ಕಡಿಮೆ, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. 2009ರಲ್ಲಿ ರಾಕ್‌ಯು ಎಂಬ ಕಂಪನಿಯಿಂದ 3.2 ಕೋಟಿ ಪಾಸ್‌ವರ್ಡುಗಳು ಸೋರಿದವು. ಯಾವ ಗೂಢಲಿಪಿಯೂ ಇಲ್ಲದೆ ಇದ್ದ ಹಾಗೇ ಇಟ್ಟಿದ್ದರು. ಅತಿ ಹೆಚ್ಚು ಜನ ಆರಿಸಿದ್ದು 123456. ಆ ಪಟ್ಟಿಯೂ, ಆಮೇಲೆ ಸೋರಿದ ಹಲವು ಪಟ್ಟಿಗಳೂ ಇವತ್ತು ಕಳ್ಳರ ಕೈಯಲ್ಲಿ ನಿಘಂಟಿನಂತಿವೆ. ಕನ್ನಡ ಪದ ಅವರಿಗೆ ತಿಳಿಯುವುದಿಲ್ಲ ಎಂದು ನಂಬಬೇಡಿ. ನಮ್ಮವರ ಪಾಸ್‌ವರ್ಡುಗಳೂ ಸೋರಿವೆ, ಜೊತೆಗೆ ನಮ್ಮ ಮನೆದೇವರುಗಳೂ. ಎಷ್ಟೇ ಗಟ್ಟಿಯಾದ ಪಾಸ್‌ವರ್ಡಾದರೂ ಎರಡು ಕಡೆ ಬಳಸಿದರೆ ಅದರ ಗಟ್ಟಿತನ ಆ ಎರಡರಲ್ಲಿ ಸೋರುವ ಸೈಟಿನಷ್ಟೇ.

ದೊಡ್ಡಕ್ಷರ, ಅಂಕಿ, ಚಿಹ್ನೆ, ಮೂರು ತಿಂಗಳಿಗೊಮ್ಮೆ ಬದಲಾವಣೆ: ಈ ಶಾಸ್ತ್ರ ಬಂದದ್ದು ಅಮೆರಿಕದ ಮಾನಕ ಸಂಸ್ಥೆ 2004ರಲ್ಲಿ ಹೊರಡಿಸಿದ ದಾಖಲೆಯಿಂದ. ಅದನ್ನು ಬರೆದ ಬಿಲ್ ಬರ್ ಅವರೇ 2017ರಲ್ಲಿ ಪಶ್ಚಾತ್ತಾಪ ವ್ಯಕ್ತಪಡಿಸಿದರು. ಉದ್ದವೇ ಮುಖ್ಯ. ಒಂದಕ್ಕೊಂದು ಸಂಬಂಧವಿಲ್ಲದ ಐದು ಪದ ಸಾಕು, ಆದರೆ ಅವನ್ನು ನಿಮ್ಮ ಮನಸ್ಸು ಆರಿಸಬಾರದು, ದಾಳ ಆರಿಸಬೇಕು. 7,776 ಪದಗಳ ಪಟ್ಟಿಯಿಂದ ಐದು ಸಲ ದಾಳ ಎಸೆದು ಒಂದೊಂದು ಪದ ಹೆಕ್ಕುವ ಕ್ರಮವೊಂದಿದೆ. ನಾಲ್ಕೇ ಪದಗಳಾದರೂ 3,600 ಲಕ್ಷ ಕೋಟಿಗೂ ಮೀರಿದ ಸಾಧ್ಯತೆಗಳಾಗುತ್ತವೆ. ಚೌಕಾಬಾರದ ಕವಡೆ ಬಳಸಬಹುದೇ ಎಂದು ಹಿಂದೊಮ್ಮೆ ಒಬ್ಬರು ಕೇಳಿದ್ದರು. ಬೇಡ. ಎರಡು ಬಿದ್ದಷ್ಟು ಸಲ ನಾಲ್ಕು ಬೀಳುವುದಿಲ್ಲ, ಆಡಿದವರಿಗೆಲ್ಲ ಗೊತ್ತು. ಉಳಿದ ಪಾಸ್‌ವರ್ಡುಗಳನ್ನು ಪಾಸ್‌ವರ್ಡ್ ಮ್ಯಾನೇಜರ್ ತಾನೇ ಹುಟ್ಟಿಸಿ ಇಟ್ಟುಕೊಳ್ಳಲಿ. ಅದು ಒಗ್ಗದಿದ್ದರೆ ಬೀರುವಿನಲ್ಲಿ ಒಂದು ನೋಟ್‌ಬುಕ್ ಇಡಿ. ದೂರದೇಶದ ಕಳ್ಳನಿಗೆ ನಿಮ್ಮ ಬೀರು ತೆರೆಯಲಾಗದು.

ಎಲ್ಲಕ್ಕಿಂತ ಮೊದಲು ಇಮೇಲನ್ನು ಕಾಯಿರಿ, ಅದಕ್ಕೆ ಎರಡನೇ ಹಂತದ ಪರಿಶೀಲನೆ ಹಾಕಿ. ಹೋಸ್ಟಿಂಗ್, ಡೊಮೇನ್ (ಸೈಟಿನ ವಿಳಾಸದ ಹೆಸರು), ವರ್ಡ್‌ಪ್ರೆಸ್ ಎಲ್ಲದರ "ಪಾಸ್‌ವರ್ಡ್ ಮರೆತಿದ್ದೇನೆ" ಎಂಬ ಕೊಂಡಿ ಬಂದು ಬೀಳುವುದು ಅಲ್ಲಿಗೆ. ಡೊಮೇನ್ ನಿಮ್ಮ ಹೆಸರಿನಲ್ಲಿದೆಯೇ, ಮಾಡಿಕೊಟ್ಟ ಹುಡುಗನ ಹೆಸರಿನಲ್ಲಿದೆಯೇ, ಅದನ್ನೂ ಒಮ್ಮೆ ನೋಡಿ.

ಹೋಂಸ್ಟೇ ಕಥೆಗೆ ಮರಳಿದರೆ, ಅವರು ಮೊದಲ ದಿನವೇ ಪಾಸ್‌ವರ್ಡ್ ಬದಲಿಸಲು ಹೊರಟಿದ್ದರು. ತಡೆದೆ. ಕಳ್ಳ ಒಳಗಿರುವಾಗ ಬೀಗ ಬದಲಿಸಿದರೆ ಹೊಸ ಕೀಲಿಕೈಯನ್ನೂ ಅವನು ನೋಡಿಕೊಳ್ಳುತ್ತಾನೆ. ಮೊದಲು ಸೈಟ್ ಮುಚ್ಚಿ, ವರ್ಡ್‌ಪ್ರೆಸ್ಸಿನ ಫೈಲುಗಳನ್ನೆಲ್ಲ ಹೊಸದಾಗಿ ತಂದು ಹಾಕಿ, ಅಪ್‌ಲೋಡ್ಸ್‌ನಲ್ಲಿ ಇನ್ನೂ ಎರಡು ಪಿಎಚ್‌ಪಿ ಹೆಕ್ಕಿದೆವು. ಆಮೇಲೆ ಡೇಟಾಬೇಸಿನ ಪಾಸ್‌ವರ್ಡ್, ಎಸ್‌ಎಫ್‌ಟಿಪಿಯದು, ಕಾನ್ಫಿಗ್‌ನಲ್ಲಿರುವ ಗುಪ್ತ ಕೀಲಿಗಳು, ಕಡೆಗೆ ಅವರ ಹದಿನೆಂಟು ಅಕ್ಷರ. ಗುಪ್ತ ಕೀಲಿ ಬದಲಿಸಿದರೆ ಆಗಲೇ ಲಾಗಿನ್ ಆಗಿ ಕೂತವರೆಲ್ಲ ಹೊರಬೀಳುತ್ತಾರೆ.

ಕೊನೆಯಲ್ಲಿ ಬಳಕೆದಾರರ ಪಟ್ಟಿ ತೆರೆದೆವು. ಅಡ್ಮಿನ್‌ಗಳು ಮೂವರಿದ್ದರು. ಒಬ್ಬರು ಇವರು, ಇನ್ನೊಬ್ಬ ಆ ಹುಡುಗ. ಮೂರನೆಯ ಹೆಸರನ್ನು ಅವರು ಕನ್ನಡಕ ಸರಿಪಡಿಸಿಕೊಂಡು ಎರಡು ಸಲ ಓದಿ, ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೇಳಿದರು: "ಇವರು ಯಾರೇ, ನಮ್ಮಲ್ಲಿ ಉಳಿದುಕೊಂಡಿದ್ದವರಾ?"