ರೈಲಿಳಿದರೆ ಎದುರಿಗೇ ಛತ್ರ

ಕೇಳುಗರೇ, ನಮಸ್ಕಾರ.

ಮೊದಲ ಸಲ ಓದೋಕೆ ಅಂತ ಬೆಂಗಳೂರಿಗೆ ಬಂದಾಗ ನನ್ನ ಹತ್ತಿರ ಇದ್ದದ್ದು ಒಂದು ಟ್ರಂಕು, ಹಾಸಿಗೆ ಸುರುಳಿ, ಅಮ್ಮ ಕೊಟ್ಟ ಚಟ್ನಿಪುಡಿ ಡಬ್ಬಿ. ಕಾಲೇಜಿನ ಫೀಸು ಹೇಗೋ ಹೊಂದಿತ್ತು. ರೂಮಿನ ಅಡ್ವಾನ್ಸ್ ಎಷ್ಟು ಅಂತ ಕೇಳಿದ ಮೇಲೆ ಅಪ್ಪ ಮಾತೇ ಆಡಲಿಲ್ಲ. ಬಡವರ ಮಕ್ಕಳ ಓದು ನಿಲ್ಲೋದು ಎಷ್ಟೋ ಸಲ ಇಲ್ಲೇ. ಫೀಸಿಗಲ್ಲ, ಊಟಕ್ಕೆ, ಒಂದು ಸೂರಿಗೆ.

ಇದನ್ನು ನೂರಿಪ್ಪತ್ತು ವರ್ಷದ ಹಿಂದೆಯೇ ಅರ್ಥ ಮಾಡಿಕೊಂಡ ಗಂಡ ಹೆಂಡತಿ ಇದ್ದರು. ಗುಬ್ಬಿ ತೋಟದಪ್ಪ, ಗೌರಮ್ಮ.

ತೋಟದಪ್ಪನವರು ಹುಟ್ಟಿದ್ದು 1838ರಲ್ಲಿ, ಗುಬ್ಬಿಯಲ್ಲಿ. ಮನೆಯವರೆಲ್ಲ ಬೆಂಗಳೂರಿಗೆ ಬಂದು ಮಾಮೂಲ್‌ಪೇಟೆಯಲ್ಲಿ ವ್ಯಾಪಾರಕ್ಕೆ ಇಳಿದರು. ಮಾಮೂಲ್‌ಪೇಟೆ ನೋಡಿದ್ದೀರಲ್ವಾ? ಎದುರಿಂದ ಒಂದು ಕೈಗಾಡಿ ಬಂದರೆ ನಾವು ಅಂಗಡಿ ಮೆಟ್ಟಿಲು ಹತ್ತಿ ನಿಲ್ಲಬೇಕು. ಅಲ್ಲಿ ದುಡಿದು ಕೂಡಿಸಿದ ದುಡ್ಡು. ದಂಪತಿಗೆ ಮಕ್ಕಳಿರಲಿಲ್ಲ. ಆಸ್ತಿ ಇದ್ದು ಮಕ್ಕಳಿಲ್ಲ ಅಂದರೆ ನೆಂಟರು ಜಾಸ್ತಿಯಾಗುತ್ತಾರೆ, ಗೊತ್ತಲ್ಲ! ಇವರು ಅದನ್ನು ಜನಕ್ಕೇ ಬಿಟ್ಟುಕೊಟ್ಟರು.

ನನಗೆ ತುಂಬಾ ಹಿಡಿಸಿದ್ದು ಅವರು ಜಾಗ ಆರಿಸಿದ ರೀತಿ. 1897ರಲ್ಲಿ ರೈಲ್ವೆಯವರಿಂದಲೇ ಜಾಗ ಕೊಂಡರು, ಸಿಟಿ ಸ್ಟೇಷನ್ನಿನ ಎದುರಿಗೇ. ಊರಿಂದ ಬಂದವನು ರೈಲಿಳಿದು ಕತ್ತೆತ್ತಿದರೆ ಛತ್ರ. ಯಾರನ್ನೂ ವಿಳಾಸ ಕೇಳಬೇಕಾಗಿಲ್ಲ. ಛತ್ರ ಶುರುವಾದದ್ದು 1903ರಲ್ಲಿ. ಆಗಷ್ಟೇ ಅಧಿಕಾರ ವಹಿಸಿಕೊಂಡಿದ್ದ ನಾಲ್ವಡಿ ಕೃಷ್ಣರಾಜ ಒಡೆಯರು ಬಂದು ತೆರೆದರು. ದಾರಿಹೋಕರಿಗೆ ತಂಗೋಕೆ ಛತ್ರ, ಓದೋ ಹುಡುಗರಿಗೆ ಪುಕ್ಕಟೆ ವಿದ್ಯಾರ್ಥಿನಿಲಯ.

ಕೊನೆಗಾಲದಲ್ಲಿ ತೋಟದಪ್ಪನವರು ಆಸ್ತಿಯನ್ನೆಲ್ಲ ಟ್ರಸ್ಟಿಗೆ ಒಪ್ಪಿಸಿ, ಮೈಸೂರು ಸಂಸ್ಥಾನದ ಹೆಸರಾಂತ ಆಡಳಿತಗಾರ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರನ್ನು ಅದರ ಮೊದಲ ಅಧ್ಯಕ್ಷರನ್ನಾಗಿ ಮಾಡಿದರು. 1910ರಲ್ಲಿ ಮಹಾರಾಜರು ಅವರಿಗೆ 'ಧರ್ಮಪ್ರವರ್ತ' ಅಂತ ಬಿರುದು ಕೊಟ್ಟರು. ಅದೇ ವರ್ಷ ತೋಟದಪ್ಪನವರು ತೀರಿಕೊಂಡರು. ಟ್ರಸ್ಟ್ ಇವತ್ತಿಗೂ ಇದೆ. ಹಾಸ್ಟೆಲಿನ ಜೊತೆಗೆ, ಚೆನ್ನಾಗಿ ಓದುವ ವೀರಶೈವ ಲಿಂಗಾಯತ ಮಕ್ಕಳಿಗೆ ವಿದ್ಯಾರ್ಥಿವೇತನವನ್ನೂ ಕೊಡುತ್ತದೆ.

ಛತ್ರಕ್ಕೂ ರಸ್ತೆಗೂ ತೋಟದಪ್ಪನವರ ಹೆಸರಿದೆ. ಗೌರಮ್ಮನವರ ಹೆಸರಿಲ್ಲ. ಮೊನ್ನೆ ಆಟೋ ಹತ್ತಿ, ಸುಮ್ನೆ, 'ಗೌರಮ್ಮ ತೋಟದಪ್ಪ ಛತ್ರಕ್ಕೆ ಬಿಡಪ್ಪ' ಅಂದೆ. ಅವನು ಹಿಂದಕ್ಕೆ ತಿರುಗಿ ಕೇಳಿದ, 'ಅದ್ಯಾವುದು ಸಾರ್, ಹೊಸದಾ?'