ಸೋತ ಹೊಲದ ಕಥೆಯನ್ನೂ ತನ್ನಿ

ಅಣ್ಣಂದಿರೇ, ಅಕ್ಕ-ತಂಗಿಯರೇ, ಎಲ್ಲರಿಗೂ ನಮಸ್ಕಾರ.

ಗುಬ್ಬಿ ಕಡೆಯ ಈ ತೆಂಗಿನ ತೋಟದ ಸಾವಯವ ಕೃಷಿ ಮೇಳಕ್ಕೆ ಪಾವಗಡ, ಶಿರಾದಿಂದ ಬಂದವರಿದ್ದೀರಿ. ಕುಣಿಗಲ್, ತುರುವೇಕೆರೆಯವರೂ ಇದ್ದೀರಿ. ಜಿಲ್ಲೆ ಒಂದೇ, ತುಮಕೂರು. ಆದರೆ ಹೇಮಾವತಿ ನಾಲೆಯ ನೀರು ಕಂಡ ತೋಟವೆಲ್ಲಿ, ಮಳೆ ನಂಬಿ ಕಡ್ಲೆಕಾಯಿ ಬಿತ್ತುವ ಪಾವಗಡದ ಹೊಲವೆಲ್ಲಿ! ಬೆಳಿಗ್ಗೆಯಿಂದ ನಿಮ್ಮ ಅನುಭವಗಳನ್ನು ಕೇಳಿ ಮನಸ್ಸು ತುಂಬಿದೆ. ಆದರೂ ಒಂದು ಮಾತು ಹೇಳಲೇಬೇಕು. ಇಂಥ ಮೇಳಗಳಲ್ಲಿ ನಾವು ಗೆದ್ದ ಕಥೆಯನ್ನಷ್ಟೇ ಹೇಳಿ ಕೂರುತ್ತೇವೆ. ಯಾವ ಮಣ್ಣು, ಯಾವ ಮಳೆ, ಎಷ್ಟು ಆಳು, ಎಲ್ಲಿ ಕೆಟ್ಟಿತು ಅನ್ನುವುದನ್ನು ಬಿಟ್ಟುಬಿಡುತ್ತೇವೆ. ಕೇಳಿದವನು ಮನೆಗೆ ಹೋಗಿ ಅದನ್ನೇ ಮಾಡಿ, ಕೆಟ್ಟು, 'ಸಾವಯವ ನಮಗಲ್ಲ' ಅಂತ ಮತ್ತೆ ಯೂರಿಯಾ ಚೀಲ ಹೊತ್ತು ತರುತ್ತಾನೆ.

ನನ್ನದೇ ಹೇಳುತ್ತೇನೆ. ಜೀವಾಮೃತ, ಅಂದರೆ ಹುಳಿ ಬರಿಸಿ ಮಣ್ಣಿಗೆ ಹಾಕುವ ದ್ರವ ಗೊಬ್ಬರ, ಅದರ ಲೆಕ್ಕ ನಿಮಗೆಲ್ಲ ಬಾಯಿಪಾಠ: 200 ಲೀಟರ್ ನೀರು, 10 ಕೆಜಿ ಸಗಣಿ, 10 ಲೀಟರ್ ಗಂಜಲ, 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನಾನೂ ಹಾಗೇ ಬರೆದುಕೊಂಡು ಬಂದೆ. ಅಳತೆ ತಪ್ಪಲಿಲ್ಲ. ಆದರೆ ಡ್ರಮ್ಮಿನ ಮುಚ್ಚಳ ಬಿಗಿದು ಬಿಸಿಲಲ್ಲಿಟ್ಟೆ. ಒಂದು ಸಲವೂ ಕಲಕಲಿಲ್ಲ. ನಾಲ್ಕನೇ ದಿನ ಮುಚ್ಚಳ ತೆಗೆದರೆ ಮೂಗು ಮುಚ್ಚಿಕೊಳ್ಳುವಂಥ ನಾತ. ಪಕ್ಕದ ಹೊಲದ ಅಜ್ಜಿ ಬಂದು ನೋಡಿ, 'ಉಸಿರು ಕಟ್ಟಿಸಿಬಿಟ್ಟಿದ್ದೀಯಲ್ಲೋ ಮಗಾ' ಅಂದರು. ಗೋಣಿಚೀಲ ಹೊದಿಸಿ ನೆರಳಲ್ಲಿಡಬೇಕು, ಬೆಳಿಗ್ಗೆ ಸಂಜೆ ಕೋಲಿನಿಂದ ತಿರುವಬೇಕು. ಸರಿಯಾಗಿ ಹುಳಿ ಬಂದದ್ದರ ವಾಸನೆಯೇ ಬೇರೆ. ಆ ವಾಸನೆಯನ್ನು ಯಾವ ಪುಸ್ತಕವೂ ಕಲಿಸುವುದಿಲ್ಲ. ಕಾರ್ಯಾಗಾರ ಬೇಕಾಗುವುದು ಇದಕ್ಕೇ. ಗೋಡೆಯ ಮೇಲೆ ಚಿತ್ರ ತೋರಿಸಿ ಮಾತಾಡಿದರೆ ಅದು ಭಾಷಣ. ಡ್ರಮ್ಮಿನೊಳಗೆ ಕೋಲಿಟ್ಟು, ಬಗ್ಗಿ ಮೂಸಿ ನೋಡಿದರೆ ಅದು ಕಲಿಕೆ.

ಗುಳಿ ರಾಗಿಯದೂ ಇದೇ ಪಾಠ. ಹಾವೇರಿ ಕಡೆಯ ರೈತರ ಪದ್ಧತಿ ಅದು. ಒಂದೂವರೆ ಅಡಿಗೊಂದು ಗುಳಿ, ಗುಳಿಗೆ ಗೊಬ್ಬರ, ಎರಡು ಪೈರು. ತೆಂಡೆ, ಅಂದರೆ ಬುಡದ ಕವಲು, ಚೆನ್ನಾಗಿ ಒಡೆಯುತ್ತದೆ ಅಂತ ಕೇಳಿ ನಾನು ಹತ್ತು ಗುಂಟೆಯಲ್ಲಿ ಮಾಡಹೊರಟೆ. ನಮ್ಮ ಗರಸು ಮಿಶ್ರಿತ ಕೆಂಪು ನೆಲದಲ್ಲಿ ಆಳು ಹಿಡಿದು ಗುದ್ದಲಿಯಲ್ಲಿ ಒಂದೊಂದೇ ಗುಳಿ ತೆಗೆಸಿದೆ. ಕೂಲಿ ಕೊಟ್ಟು ಸಾಕಾಯಿತು. ಆಮೇಲೆ ಗೊತ್ತಾಯಿತು, ಅಲ್ಲಿ ಯಾರೂ ಗುಳಿ ಅಗೆಯುವುದಿಲ್ಲ. ಎತ್ತು ಕಟ್ಟಿ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಸಾಲು ಹೊಡೆಯುತ್ತಾರೆ, ಎರಡು ಸಾಲು ಕೂಡುವ ಜಾಗವೇ ಗುಳಿ! ಪೈರು ಬೇರು ಹಿಡಿದ ಮೇಲೆ ಅದರ ಮೇಲೆ ಕೊರಡು ಎಳೆಯುತ್ತಾರೆ. ಕುಡಿ ಜಜ್ಜಿದಂತಾಗಿ ಬುಡದಿಂದ ತೆಂಡೆ ಹೊಡೆಯುತ್ತದೆ. ನೋಡಿದವರಿಗೆ ಹೊಟ್ಟೆ ಉರಿಯುತ್ತದೆ, ಬೆಳೆದ ಪೈರಿನ ಮೇಲೆ ಮರದ ದಿಮ್ಮಿಯೇ ಅಂತ. ಕಥೆ ಹೇಳಿದವರು ಸುಳ್ಳು ಹೇಳಿರಲಿಲ್ಲ. 'ಗುಳಿ ಹೇಗೆ ಮಾಡ್ತೀರಿ' ಅಂತ ಕೇಳದಿದ್ದದ್ದು ನನ್ನ ತಪ್ಪು. ಅದಕ್ಕೇ ಕೈಮುಗಿದು ಕೇಳುತ್ತೇನೆ, ಇಲ್ಲಿ ಯಾರು ಏನೇ ಹೇಳಲಿ, 'ಹೇಗೆ' ಅಂತ ಮೂರು ಸಲ ಕೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ದೊಡ್ಡಬಳ್ಳಾಪುರದ ಹತ್ತಿರ ಸಾವಯವ ಕೃಷಿಕ ಎಲ್. ನಾರಾಯಣ ರೆಡ್ಡಿಯವರಿದ್ದರು, 2019ರಲ್ಲಿ ತೀರಿಕೊಂಡರು. ಮೊದಲು ರಾಸಾಯನಿಕ ಬೇಸಾಯ ಮಾಡಿ ಕೈಸುಟ್ಟುಕೊಂಡವರು. ಅದನ್ನು ಮುಚ್ಚಿಡಲಿಲ್ಲ. ಜನ ಅವರ ಮಾತು ನಂಬಿದ್ದು ಅದರಿಂದಲೇ ಅಂತ ನಾನು ತಿಳಿದಿದ್ದೇನೆ.

ಇನ್ನು ಅಕ್ಕಡಿ ಸಾಲಿನ ವಿಷಯ, ಅಂದರೆ ರಾಗಿಯ ನಡುವೆ ಸಾಲಾಗಿ ಬಿತ್ತುವ ಬೆರಕೆ ಕಾಳುಗಳದ್ದು. ವೇದಿಕೆ ಮೇಲೆ ಗಂಡಸರು ಗಂಟೆಗಟ್ಟಲೆ ಅದರ ಬಗ್ಗೆ ಮಾತಾಡುತ್ತೇವೆ. ಆದರೆ ಆ ಬೀಜ ಇಟ್ಟವರು ಯಾರು? ನಮ್ಮವ್ವ ರಾಗಿ ಹೊಲಕ್ಕೆ ಹೊರಡುವಾಗ ಮಡಿಲಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ ಬೆರೆಸಿಕೊಂಡು ಬರುತ್ತಿದ್ದಳು. ಯಾವುದು ಎಷ್ಟು ಹಿಡಿ ಅಂತ ಯಾರೂ ಬರೆದಿಟ್ಟಿಲ್ಲ, ಅವಳ ಬೆರಳಿಗೆ ಗೊತ್ತಿತ್ತು. ಹುಚ್ಚೆಳ್ಳು ಹಳದಿಯಾಗಿ ಅರಳಿದಾಗ ಹೊಲದ ತುಂಬ ಜೇನಿನ ಗುಂಯ್ ಸದ್ದು. ರಾಗಿ ಕೊಯ್ದು ಮೆದೆ ಹಾಕಿದ ಮೇಲೂ ಹೊಲ ಖಾಲಿಯಾಗುತ್ತಿರಲಿಲ್ಲ, ಸೊನೆ ಅವರೆಯ ಘಮ, ಆಮೇಲೆ ತೊಗರಿ. ಮಳೆ ಕೈಕೊಟ್ಟು ರಾಗಿ ಬಾಡಿದ ವರ್ಷ ಸಾರಿಗೆ ಕಾಳಂತೂ ಸಿಗುತ್ತಿತ್ತು. ಬಿತ್ತನೆ ಕಾಳನ್ನು ಬೂದಿ ಬೆರೆಸಿ ಮಡಕೆಯಲ್ಲಿ ತುಂಬಿ, ಬಾಯಿಗೆ ಸಗಣಿ ಮೆತ್ತಿ ಅಟ್ಟಕ್ಕೇರಿಸುತ್ತಿದ್ದಳು. ಇವತ್ತು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುವ ಅಮ್ಮಂದಿರಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿದೆಯೋ! ಮಧ್ಯಾಹ್ನದ ಬೀಜದ ಕಾರ್ಯಾಗಾರ ಅವರೇ ನಡೆಸಲಿ. ಮೈಕು ಬೇಡ ಅಂದರೆ ಬೇಡ, ಸುತ್ತ ಕೂತು ಕೇಳೋಣ.

ಸಾವಯವ ದೃಢೀಕರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪಿಜಿಎಸ್ ಅಂದರೆ ರೈತರೇ ಸೇರಿ ಒಬ್ಬರಿಗೊಬ್ಬರು ಖಾತ್ರಿ ಕೊಡುವ ಪದ್ಧತಿ; ಅದರ ಗುಂಪಿಗೆ ಕನಿಷ್ಠ ಐದು ರೈತರು ಬೇಕು, ಒಬ್ಬರ ಹೊಲವನ್ನು ಇನ್ನೊಬ್ಬರು ಪರಿಶೀಲಿಸಬೇಕು. ತೆಂಗಿನಂಥ ಬಹುವಾರ್ಷಿಕ ಬೆಳೆಗೆ ರಾಸಾಯನಿಕದಿಂದ ಸಾವಯವಕ್ಕೆ ಪರಿವರ್ತನೆಯ ಅವಧಿಯೇ 3 ವರ್ಷ. ಆ ನಡುವಿನ ವರ್ಷಗಳ ಬಗ್ಗೆ ನನಗೆ ಬಹಳ ಸಂಕಟವಿದೆ. ಕಾಯಿ ಇಳುವರಿ ಕಡಿಮೆ, ತಿಪಟೂರು ಮಂಡಿಯಲ್ಲಿ ಕೊಬ್ಬರಿಗೆ ಎಲ್ಲರ ದರವೇ, ಮನೆಯಲ್ಲಿ ಮಾತು ಕೇಳಬೇಕು. ಆ ದಿನಗಳನ್ನು ಹೇಗೆ ದಾಟಿದಿರಿ, ಹಸು ಕೈಹಿಡಿಯಿತೋ, ನುಗ್ಗೆಯೋ, ಮಗಳ ಸಂಬಳವೋ, ಅದನ್ನು ಹೇಳಿ. ಈಗ ಮೊದಲನೇ ವರ್ಷದಲ್ಲಿರುವ ಹುಡುಗರು ಇಲ್ಲಿದ್ದಾರೆ, ಅವರಿಗೆ ಬೇಕಾದ ಕಥೆ ಅದು.

ಹೊಂಗೆ ಮರದ ಕೆಳಗೆ ಎರಡು ಡ್ರಮ್ಮು ಇಟ್ಟಿದ್ದೇವೆ. ಒಂದು ಚೆನ್ನಾಗಿ ಬಂದದ್ದು, ಇನ್ನೊಂದು ಬೇಕೆಂದೇ ಮುಚ್ಚಳ ಬಿಗಿದು ಕೆಡಿಸಿದ್ದು. ಟೀ ಕುಡಿದು ಬನ್ನಿ, ಎರಡನ್ನೂ ಮೂಸಿ ನೋಡಿ. ಬೆಲ್ಲ ನೆನೆಹಾಕಿದೆ, ಮೂರನೆಯದನ್ನು ನಿಮ್ಮ ಕೈಯಿಂದಲೇ ಕಲಸೋಣ.